ಆ ಚುಕ್ಕೆ ಸೂರ್ಯನ ಮೇಲೆ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಸೂರ್ಯನ ಡೇಟಾ ಓದಲು ಬಳಸುವ ಸನ್‌ಪೈ ಎಂಬ ಉಚಿತ ಪೈಥಾನ್ ಪ್ಯಾಕೇಜಿನ ಬಗ್ಗೆ ಇವತ್ತಿನ ಮಾತು.

ಒಂದು ಅಳತೆಯಿಂದ ಶುರು ಮಾಡುತ್ತೇನೆ: 100 ಆರ್ಕ್‌ಸೆಕೆಂಡ್. ಆರ್ಕ್‌ಸೆಕೆಂಡ್ ಎಂದರೆ ಕೋನದ ಅಳತೆ, ಒಂದು ಡಿಗ್ರಿಯ 3,600ನೇ ಒಂದು ಪಾಲು. ಸೂರ್ಯಬಿಂಬದ ನಡುಮಧ್ಯದಿಂದ ಒಂದು ಸೌರಕಲೆ, ಅಂದರೆ ಕಪ್ಪು ಚುಕ್ಕೆ, ಇಷ್ಟು ಆಚೆಗಿದೆ ಎಂದು ಯಾರೋ ಬರೆದಿಟ್ಟಿದ್ದಾರೆ ಅಂದುಕೊಳ್ಳಿ. ಭೂಮಿಯ ಬಳಿಯಿಂದ ನೋಡಿದವರಿಗೆ ಅದು ಸುಮಾರು 72,500 ಕಿಲೋಮೀಟರ್. 2020ರ ಫೆಬ್ರವರಿಯಲ್ಲಿ ಹೊರಟ ಸೋಲಾರ್ ಆರ್ಬಿಟರ್ ನೌಕೆ ಸೂರ್ಯನಿಗೆ ತೀರಾ ಹತ್ತಿರ ಹೋದಾಗ, ಅಂದರೆ ಭೂಮಿ ಮತ್ತು ಸೂರ್ಯರ ನಡುವಿನ ದೂರದ ಮೂರನೇ ಒಂದು ಪಾಲಿಗಿಂತ ಒಳಗಿದ್ದಾಗ, ಅದೇ 100 ಆರ್ಕ್‌ಸೆಕೆಂಡ್ ಎಂದರೆ ಹೆಚ್ಚುಕಡಿಮೆ 21,000 ಕಿಲೋಮೀಟರ್. ಸಮಯದ ಕಥೆಯೂ ಹೀಗೆಯೇ. ಒಂದೇ ಸೌರಜ್ವಾಲೆಯ ಬೆಳಕು ಆ ನೌಕೆಗೆ ಎರಡೂವರೆ ನಿಮಿಷದೊಳಗೆ ಮುಟ್ಟಿದರೆ ಭೂಮಿಗೆ ಬರಲು ಎಂಟು ನಿಮಿಷಕ್ಕೂ ಹೆಚ್ಚು ಬೇಕು. ನೋಡಿದವರು ಎಲ್ಲಿದ್ದರು, ಯಾವಾಗ ನೋಡಿದರು ಎಂಬುದು ಕಳಚಿಹೋದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ನಾನು ಸೂರ್ಯನ ಅಧ್ಯಯನಕ್ಕೆ ಹೊಸಬನಾಗಿದ್ದಾಗ, ಕೋನವನ್ನು ಕಿಲೋಮೀಟರ್‌ಗೆ ಬದಲಿಸುವ ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕೋಡ್‌ನಲ್ಲಿ ತಾವೇ ಬರೆದುಕೊಳ್ಳುತ್ತಿದ್ದೆವು. ನನ್ನ ಉತ್ತರಕ್ಕೂ ಪಕ್ಕದ ಮೇಜಿನವರ ಉತ್ತರಕ್ಕೂ ತಾಳೆಯಾಗಲಿಲ್ಲ. ಎರಡು ವಾರ ಹುಡುಕಿದ ಮೇಲೆ ಕಾರಣ ಸಿಕ್ಕಿತು. ನಾನು ಸೂರ್ಯನ ದೂರ ವರ್ಷವಿಡೀ ಒಂದೇ ಎಂದು ಇಟ್ಟಿದ್ದೆ. ಜನವರಿಗೂ ಜುಲೈಗೂ ಅದರಲ್ಲಿ ಶೇಕಡಾ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿದೆ. ಜಗತ್ತಿನ ಇನ್ನೆಷ್ಟು ಮೇಜುಗಳ ಮೇಲೆ ಇದೇ ತಪ್ಪು ಕೂತಿರಬಹುದು ಎಂಬ ಯೋಚನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಹಂಚಿಕೊಂಡ ಕೋಡ್ ಆಗ ಇರಲೇ ಇಲ್ಲ ಎಂದಲ್ಲ. ಸೋಲಾರ್‌ಸಾಫ್ಟ್ ಎಂಬ ದೊಡ್ಡ ಭಂಡಾರವಿತ್ತು, ಈಗಲೂ ಇದೆ. ಅದನ್ನು ಕಟ್ಟಿದವರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅದು ಓಡಬೇಕಾದರೆ ಐಡಿಎಲ್ ಎಂಬ ಭಾಷೆ ಬೇಕು, ಆ ಭಾಷೆಗೆ ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು. ಅಷ್ಟು ಹಣವಿಲ್ಲದ ವಿಭಾಗದ ವಿದ್ಯಾರ್ಥಿ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು.

2011ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಕೆಲವೇ ಜನ ಸೇರಿ ಸನ್‌ಪೈ ಶುರು ಮಾಡಿದರು. ಅದರ 1.0 ಆವೃತ್ತಿ ಬಂದದ್ದು 2019ರಲ್ಲಿ. ನಡುವಿನ ಎಂಟು ವರ್ಷ ದೀರ್ಘ ಅನ್ನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಅವರು ಗಟ್ಟಿ ಮಾಡುತ್ತಿದ್ದದ್ದು ನಾನು ಈಗಷ್ಟೇ ಹೇಳಿದ ವಿಷಯವನ್ನೇ. ಸನ್‌ಪೈನಲ್ಲಿ ಒಂದು ಬಿಂದುವಿನ ಸ್ಥಾನ ಬರೀ ಎರಡು ಅಂಕಿಗಳಲ್ಲ. ಯಾರು ನೋಡಿದರು, ಯಾವ ಕ್ಷಣದಲ್ಲಿ, ಯಾವ ಏಕಮಾನದಲ್ಲಿ ಎಂಬುದೆಲ್ಲ ಆ ಅಂಕಿಗಳ ಜೊತೆಗೇ ಸಾಗುತ್ತದೆ. ಬಿಂಬದ ಮೇಲಿನ ಬಿಂದುವನ್ನು ಸೂರ್ಯನ ರೇಖಾಂಶಕ್ಕೆ ಬದಲಿಸು ಎಂದು ಕೇಳಿ, ವೀಕ್ಷಕ ಎಲ್ಲಿದ್ದ ಎಂದು ಹೇಳದೇ ಹೋದರೆ ಅದು ಊಹಿಸಿ ಉತ್ತರ ಕೊಡುವುದಿಲ್ಲ, ಎರರ್ ತೋರಿಸಿ ನಿಲ್ಲುತ್ತದೆ. ಹಾಗೆ ನಿಲ್ಲುವುದೇ ನನ್ನ ಪಾಲಿಗೆ ಅದರ ಅತಿ ದೊಡ್ಡ ಗುಣ. ಏಕಮಾನಗಳ ಈ ಶಿಸ್ತನ್ನು ಸನ್‌ಪೈ ಖಗೋಳಶಾಸ್ತ್ರದ ಪೈಥಾನ್ ಪ್ಯಾಕೇಜಾದ ಆಸ್ಟ್ರೋಪೈನಿಂದ ಪಡೆದುಕೊಂಡಿದೆ. ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಅನಿಲದ ಲೆಕ್ಕ ಮಾಡುವ ಪ್ಲಾಸ್ಮಾಪೈ ಕೂಡ ಅಲ್ಲಿಂದಲೇ ಪಡೆದಿದೆ. ಕಾಂತಕ್ಷೇತ್ರದ ಬಲವನ್ನು ಒಬ್ಬರು ಗಾಸ್‌ನಲ್ಲಿ, ಇನ್ನೊಬ್ಬರು ಟೆಸ್ಲಾದಲ್ಲಿ ಬರೆಯುವ ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಹತ್ತು ಸಾವಿರ ಪಟ್ಟು ತಪ್ಪಾಗಲು ಒಂದು ಸಾಲು ಸಾಕು.

ಡೇಟಾ ತರುವುದೂ ಒಂದು ಕೆಲಸವೇ. 2010ರಲ್ಲಿ ಹಾರಿದ, ಸೂರ್ಯನನ್ನು ನೋಡುವ ನಾಸಾದ ಎಸ್‌ಡಿಒ ಉಪಗ್ರಹ ದಿನಕ್ಕೆ ಸುಮಾರು ಒಂದೂವರೆ ಟೆರಾಬೈಟ್ ಕಳಿಸುತ್ತದೆ. ಅದರ ಒಂದೊಂದು ಚಿತ್ರ 4096ಕ್ಕೆ 4096 ಪಿಕ್ಸೆಲ್. ಇಷ್ಟನ್ನೂ ಯಾರೂ ಮನೆಗೆ ಹೊತ್ತೊಯ್ಯುವುದಿಲ್ಲ. ಬೇಕಾದ ಸಮಯ, ಬೇಕಾದ ಉಪಕರಣ ಹೇಳಿದರೆ ಸನ್‌ಪೈನ ಫೈಡೊ ಎಂಬ ಹುಡುಕುವ ಸಾಧನ ಬೇರೆ ಬೇರೆ ಡೇಟಾ ಭಂಡಾರಗಳಲ್ಲಿ ಹುಡುಕಿ ಅಷ್ಟನ್ನೇ ತರುತ್ತದೆ. ಸೂರ್ಯನಿಂದ ಈಚೆ ಭೂಮಿಯ ಕಾಂತಗೋಳದ, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ವಲಯದ ಕಡೆ ಬಂದರೆ ಸ್ಪೇಸ್‌ಪೈ, ಪೈಸ್ಪೆಡಾಸ್ ಎಂಬ ಪ್ಯಾಕೇಜುಗಳಿವೆ. ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸುವ ಸಮುದಾಯದ ಹೆಸರು ಪೈಎಚ್‌ಸಿ. ಒಂದು ಪ್ಯಾಕೇಜಿನ ಫಲಿತಾಂಶ ಇನ್ನೊಂದರೊಳಗೆ ತಡೆಯಿಲ್ಲದೆ ಹೋಗಬೇಕು ಎಂಬುದು ಅವರ ಹಟ.

ಇನ್ನು ಬರೆಯುವವರ ವಿಷಯ. ಯಾರೇ ಒಂದು ಬದಲಾವಣೆ ತಂದರೂ ಅದನ್ನು ಇನ್ನೊಬ್ಬರು ಸಾಲುಸಾಲಾಗಿ ಓದುತ್ತಾರೆ. ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸುತ್ತಾರೆ. ಕೋಡ್ ಬಿಡಿಸುವ ಚಿತ್ರ ಮೊದಲಿನಂತೆಯೇ ಬಂದಿದೆಯೇ ಎಂದು ಹೋಲಿಸಿ ನೋಡುವ ಪರೀಕ್ಷೆಗಳೂ ಇವೆ. ಈ ಓದುವ ಕೆಲಸಕ್ಕೆ ಪ್ರಬಂಧದಲ್ಲಿ ಹೆಸರು ಬರುವುದಿಲ್ಲ, ಬಡ್ತಿಯ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇರುವುದಿಲ್ಲ. ಇದು ಅನ್ಯಾಯ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ದೂರದರ್ಶಕ ಕಟ್ಟಿದವರನ್ನು ವಿಜ್ಞಾನಿ ಎನ್ನುತ್ತೇವೆ. ಆ ದೂರದರ್ಶಕ ಕಳಿಸಿದ ಅಂಕಿಗೆ ಅರ್ಥ ಉಳಿಸುವವರನ್ನೂ ಹಾಗೇ ಕರೆಯಬೇಕು. ನಿಮ್ಮ ಪ್ರಬಂಧದಲ್ಲಿ ಸನ್‌ಪೈ ಬಳಸಿದ್ದರೆ ಅದನ್ನು ಉಲ್ಲೇಖಿಸಿ, ಯಾವ ಆವೃತ್ತಿ ಎಂಬುದನ್ನೂ ಬರೆಯಿರಿ. ಹತ್ತು ವರ್ಷದ ನಂತರ ಇನ್ಯಾರೋ ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕೆಂದರೆ ಅವರಿಗೆ ಅದು ಬೇಕು.

ಮಾತು ಇಷ್ಟು ಸಾಕು. ಪರದೆಯ ಮೇಲೆ ಒಂದೇ ದಿನದ ಎರಡು ಚಿತ್ರಗಳಿವೆ. ಎಡಗಡೆಯದು ಎಸ್‌ಡಿಒ ತೆಗೆದದ್ದು, ಬಲಗಡೆಯದು ಸೋಲಾರ್ ಆರ್ಬಿಟರ್ ತೆಗೆದದ್ದು. ಎಡಗಡೆಯ ಚಿತ್ರದಲ್ಲಿ ಯಾರಾದರೂ ಒಂದು ಚುಕ್ಕೆ ತೋರಿಸಿ. ಬಲಗಡೆಯದರಲ್ಲಿ ಅದು ಎಲ್ಲಿ ಬೀಳುತ್ತದೆ ಎಂದು ಕೋಡ್ ಓಡಿಸಿ ನೋಡೋಣ.