ಸಿಲಬಸ್ ಬದಲಾಯಿತು, ಲ್ಯಾಬ್ ಪರೀಕ್ಷೆ ಬದಲಾಗಲಿಲ್ಲ

[ಪರದೆ: ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಕಿಟಕಿ]

ನಮಸ್ಕಾರ. ಬಿಸಿಎ ಓದಿದವರಿಗೆ ಈ ನೀಲಿ ಪರದೆಯ ಪರಿಚಯ ಹೇಳಬೇಕಾಗಿಲ್ಲ. ಪ್ರೋಗ್ರಾಂ ಬರೆದು ಓಡಿಸಲು ಬಳಸುವ, 1990ರ ದಶಕದ ಆರಂಭದ ಈ ಟರ್ಬೊ ಸಿ ಪ್ಲಸ್ ಪ್ಲಸ್ ಸಾಫ್ಟ್‌ವೇರ್ ನಮ್ಮ ಎಷ್ಟೋ ಕಾಲೇಜುಗಳ ಲ್ಯಾಬ್‌ಗಳಲ್ಲಿ ವರ್ಷಾನುಗಟ್ಟಲೆ ಬೇರುಬಿಟ್ಟು ಕುಳಿತಿತ್ತು. ಇದರಲ್ಲಿ ಒಂದು ಪುಟ್ಟ ಪ್ರಯೋಗ ಮಾಡೋಣ. ಪೂರ್ಣಾಂಕ ಇಡುವ ವೇರಿಯಬಲ್ ಒಂದರಲ್ಲಿ, ಅಂದರೆ ಹೆಸರಿಟ್ಟ ಮೆಮೊರಿ ಜಾಗದಲ್ಲಿ, 32767 ಇಟ್ಟು, ಅದಕ್ಕೆ 1 ಕೂಡಿಸುತ್ತೇನೆ.

[ಪರದೆ: -32768]

ಬಂದದ್ದು ಮೈನಸ್ 32768! ಇದರಲ್ಲಿ ಪೂರ್ಣಾಂಕಕ್ಕೆ ಸಿಗುವ ಜಾಗ 16 ಬಿಟ್, ಅಂದರೆ 0 ಅಥವಾ 1 ಬರೆಯುವ ಹದಿನಾರು ಮನೆಗಳು ಮಾತ್ರ. 32767 ಎಂದರೆ ಮೊದಲ ಬಿಟ್ 0, ಉಳಿದ ಹದಿನೈದೂ 1. ಒಂದು ಕೂಡಿಸಿದೊಡನೆ ಆ ಹದಿನೈದೂ 0 ಆಗುತ್ತವೆ, ಕೈಯಲ್ಲಿ ಉಳಿದ 1 ಮೊದಲ ಬಿಟ್‌ಗೆ ಹೋಗುತ್ತದೆ. ಮೊದಲ ಬಿಟ್ 1 ಇದ್ದರೆ ಅದು ಋಣಸಂಖ್ಯೆ ಎಂಬುದು ಯಂತ್ರದ ಲೆಕ್ಕ.

ಎರಡು ಸಾಲಿನ ಈ ಪ್ರೋಗ್ರಾಂ ಹಿಡಿದು ದ್ವಿಮಾನ ಪದ್ಧತಿ, ಮೆಮೊರಿ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಈ ಮೂರನ್ನೂ ಕಲಿಸಬಹುದು. ಹಳೆಯ ಸಾಫ್ಟ್‌ವೇರ್ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇಷ್ಟೇ: 'ಯಾಕೆ ಹೀಗಾಯಿತು' ಎಂದು ಕೇಳುವ ಮೇಷ್ಟ್ರಿದ್ದರೆ ಇದರಲ್ಲೂ ಪಾಠವಿದೆ. ಆ ಪ್ರಶ್ನೆಯೇ ಇಲ್ಲದಿದ್ದರೆ ಪೈಥಾನ್‌ನಂಥ ಹೊಸ ಪ್ರೋಗ್ರಾಮಿಂಗ್ ಭಾಷೆ ತಂದರೂ ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುವುದೇ ಆಗುತ್ತದೆ.

[ಪರದೆ: 1968, 1978, 1991, 2001, 2013, 2023]

ಗಣಕ ವಿಜ್ಞಾನದ ಪದವಿಯಲ್ಲಿ ಏನು ಕಲಿಸಬೇಕೆಂದು ಗಣಕ ತಜ್ಞರ ಸಂಘವಾದ ಅಮೆರಿಕದ ಎಸಿಎಂ ಸಂಸ್ಥೆ 1968ರಲ್ಲೇ ಶಿಫಾರಸು ಕೊಟ್ಟಿತ್ತು. ಮುಂದೆ ಇತರ ಸಂಸ್ಥೆಗಳೂ ಜೊತೆಗೂಡಿ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದವು. ಪ್ರೋಗ್ರಾಮಿಂಗ್ ಭಾಷೆಗಳು ಬಂದುಹೋದವು. ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಬಗೆ), ಗಣಕದ ಒಳರಚನೆ ಮೊದಲ ಪಟ್ಟಿಯಲ್ಲೂ ಇದ್ದವು, ಈಗಲೂ ಇವೆ.

ನಮ್ಮ ದೇಶದಲ್ಲಿ ಗಣಕ ವಿಜ್ಞಾನದ ಪಾಠ ಗಟ್ಟಿಯಾಗಿ ಬೇರೂರಿದ್ದು ಐಐಟಿ ಕಾನ್ಪುರದಲ್ಲಿ. 1963ರಲ್ಲಿ ಅಲ್ಲಿಗೆ ಐಬಿಎಂ 1620 ಎಂಬ ಗಣಕ ಬಂತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಆಗ ಕಾನ್ಪುರದಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದರು. ಪ್ರೋಗ್ರಾಮನ್ನು ತೂತುಗಳಾಗಿ ಕೊರೆದಿಡುವ ಪಂಚ್ ಕಾರ್ಡ್‌ಗಳ ಆ ಕಾಲದಲ್ಲಿ ಒಂದು ತಪ್ಪಾದರೆ ಕಾರ್ಡ್ ಮತ್ತೆ ಕೊರೆದು ಸರದಿಗೆ ಕಾಯಬೇಕಿತ್ತು. ಹಾಗಾಗಿ ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ, ಸಾಲು ಸಾಲಾಗಿ ಓಡಿಸಿ ನೋಡಲೇಬೇಕಿತ್ತು. ಆ ಅಭ್ಯಾಸ ನಮ್ಮ ತರಗತಿಗಳಲ್ಲಿ ಸವೆದುಹೋಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಯಿತು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಅದೇ ವರ್ಷ ಬಿಸಿಎ ಕೋರ್ಸ್ ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ಮಾಡುವ ಕೇಂದ್ರ ಸಂಸ್ಥೆ ಎಐಸಿಟಿಇ ವ್ಯಾಪ್ತಿಗೂ ಬಂತು. ಸಿಲಬಸ್ ಪುಸ್ತಕ ಇಷ್ಟು ಸಲ ಮಗುಚಿದರೂ ಅನೇಕ ಕಡೆ ಲ್ಯಾಬ್ ಪರೀಕ್ಷೆ ಇದ್ದಲ್ಲೇ ಇದೆ: ಮೊದಲೇ ಗೊತ್ತಿರುವ ಪ್ರೋಗ್ರಾಂಗಳ ಪಟ್ಟಿ, ಅದರಲ್ಲೊಂದನ್ನು ಆರಿಸಲು ಎತ್ತುವ ಚೀಟಿ, ಬಾಯಿಪಾಠ. ಅರ್ಧವಿರಾಮ ಚಿಹ್ನೆಯೊಂದು ತಪ್ಪಿದರೆ ಆ ಮಕ್ಕಳ ಕೈಕಾಲು ಬಿದ್ದುಹೋಗುತ್ತದೆ, ಏಕೆಂದರೆ ದೋಷ ಹುಡುಕುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಆಂತರಿಕ ಮೌಲ್ಯಮಾಪನ ಅಧ್ಯಾಪಕರ ಕೈಯಲ್ಲೇ ಇದೆ. ಸಿಲಬಸ್ ರೂಪಿಸುವ ಅಧ್ಯಯನ ಮಂಡಳಿಯ ಮುಂದಿನ ಸಭೆಗೆ ಕಾಯಬೇಕಾಗಿಲ್ಲ. ಒಂದು ಕಿರುಪರೀಕ್ಷೆಯಲ್ಲಿ ಕೆಟ್ಟುಹೋದ ಪ್ರೋಗ್ರಾಂ ಕೊಡಿ. ದೋಷ ಎಲ್ಲಿದೆ, ಏಕೆ ಬಂತು ಎಂದು ಬರೆಯಲಿ, ಕನ್ನಡದಲ್ಲಿ ಬರೆದರೂ ಪೂರ್ತಿ ಅಂಕ ಕೊಡಿ. ಮೊದಲ ಪ್ರಶ್ನೆಗೆ ಈ 32767 ಸಾಕು.