ಚಿಮಣಿ ಹೊಗಿ ಎಲ್ಲಿ ಹೋಗಿ ಕುಂದರತೈತಿ?

ಕೇಳುಗರಿಗೆಲ್ಲಾ ನಮಸ್ಕಾರ್ರಿ. ಕಬ್ಬು ನುರಿಸೋ ಹಂಗಾಮಿನ್ಯಾಗ ಫ್ಯಾಕ್ಟರಿ ಹತ್ರ ಇದ್ದವರು ಮಾಳಗಿ ಮ್ಯಾಲ ಸಂಡಗಿ ಹಾಕಿದ್ರ ಸಂಜಿಕ ಕರ್ರನ ಚುಕ್ಕಿ ಬಿದ್ದಿರತಾವ, ಜಾಡಿಸಿ ಒಳಗ ಇಡತಾರ. ಆದ್ರ ಕಣ್ಣಿಗೆ ಕಾಣೋ ಬೂದಿ ಭಾರ ಇರತೈತ್ರಿ, ಊರ ಸುತ್ತಮುತ್ತನ ಬೀಳತೈತಿ. ದೂರ ಹೋಗೋದು ಕಾಣಲಾರದ್ದು, ಅಂದ್ರ ಸಣ್ಣ ಮಸಿ, ಮತ್ತ ಹೊಗಿಯೊಳಗಿನ ಗಂಧಕ, ಸಾರಜನಕದ ಗ್ಯಾಸಿನಿಂದ ಆಗೋ ಸಲ್ಫೇಟು, ನೈಟ್ರೇಟು. ಕಲ್ಲಿದ್ದಲದಾಗ ಒಂಚೂರು ಪಾದರಸ ಇರತೈತಿ ನೋಡ್ರಿ, ವಿಜಯಪುರ ಜಿಲ್ಲಾದ ಕೂಡಗಿಯಂಥಾ 2400 ಮೆಗಾವ್ಯಾಟ್ ಕರೆಂಟ್ ಸ್ಥಾವರ ಇರಲಿ ಯಾವುದರ ಇರಲಿ, ಸುಟ್ಟಾಗ ಅದರಾಗಿಂದ ಒಂದಿಷ್ಟು ಆವಿಯಾಗಿ ಗಾಳಿಗೆ ಸೇರಿ ತಿಂಗಳಗಟ್ಟಲೆ ತಿರಗತೈತಿ.

ನಮ್ಮ ಕಡೆ ಹಿಮ ಎಲ್ಲಿ ಬರಬೇಕ್ರಿ. ಆದ್ರ ಹಿಮಾಲಯದಾಗ, ನಿಕ್ಕಲ್ ಕರಗಸೋ ರಷ್ಯಾದ ನೊರಿಲ್ಸ್ಕ್ ಊರಾಗ, ಹೊಗಿ ಮೊದಲು ಕುಂದ್ರೋದು ಹಿಮದ ಮ್ಯಾಲ. ಹೊಸಾ ಹಿಮ ಬಿಸಿಲಿನ್ಯಾಗ ನೂರಕ್ಕ 80ರಿಂದ 90 ಪಾಲು ವಾಪಸ್ ಕಳಸತೈತಿ, ಮಸಿ ಬಿದ್ರ ಅಷ್ಟು ಕಳಸಂಗಿಲ್ಲ, ಬಿಸಿಲು ಕುಡದು ಲಗೂನ ಕರಗತೈತಿ. ಮತ್ತ ಬಿದ್ದದ್ದು ಬಿದ್ದಂಗನ ಇರತೈತಿ ಅನ್ಕೋಬ್ಯಾಡ್ರಿ, ಬಿಸಿಲಿಗೆ ನೈಟ್ರೇಟು ಒಡದು ಗ್ಯಾಸಾಗಿ ಮ್ಯಾಲ ಏಳತೈತಿ, ಪಾದರಸಾನೂ ಒಂದಿಷ್ಟು ಆವಿಯಾಗಿ ಹೊಂಟ ಹೋಗತೈತಿ. ಉಳದದ್ದು? ಹಿಮ ಸ್ವಲ್ಪ ಕರಗೋದು ಮತ್ತ ಗಟ್ಟಿ ಆಗೋದು ನಡದಾಗ ಹರಳಿನ ಒಳಗ ಇದ್ದ ಹೊಲಸು ಅಂಚಿಗೆ ಬರತೈತಿ, ಹಿಂಗಾಗಿ ಕರಗೋ ನೀರಿನ ಮೊದಲ ನೂರಕ್ಕ 30 ಪಾಲಿನ್ಯಾಗನ ನೀರಾಗ ಕರಗೋ ಆಮ್ಲ-ಗೀಮ್ಲದಾಗ ಅರ್ಧಕ್ಕಿಂತ ಹೆಚ್ಚು ಇಳಕೊಂಡು ಹೋಗತೈತಿ. ಚಳಿಗಾಲ ಪೂರ್ತಿ ಕೂಡಿಟ್ಟದ್ದು ಕೆಲವೇ ದಿನದಾಗ ಹಳ್ಳಕ್ಕ ಬಿದ್ರ ಮೀನು ಏನ್ ತಡಕೋತಾವ್ರಿ.

ನಮ್ಮ ಎರಿ ಮಣ್ಣಿಂದು ಪೂರಾ ಉಲ್ಟಾ. ಅದು ಬಿಡಂಗಿಲ್ಲ. ಜಿಗಟು ಮಣ್ಣು, ಅದರಾಗ ಸುಣ್ಣದ ಹರಳು, ಕ್ಷಾರದ ಗುಣ. ಅದಕ್ಕ ಸೀಸ, ಕ್ಯಾಡ್ಮಿಯಂನಂಥಾ ವಿಷದ ಭಾರಲೋಹ ಬಂದು ಬಿದ್ರ ಹಿಡಕೊಂಡು ಬಿಡತೈತಿ, ಬೆಳಿ ಬೇರಿಗೆ ಸುಲಭಾಗಿ ಸಿಗಂಗಿಲ್ಲ, ಇದು ನಮ್ಮ ಪುಣ್ಯ ಅನ್ರಿ. ಹುಳಿ ಮಣ್ಣಿದ್ರ ಅದ ಕ್ಯಾಡ್ಮಿಯಂ ಸೊಪ್ಪಿನ ಪಲ್ಲೆದಾಗ ಲಗೂನ ಏರತೈತಿ. ಆದ್ರ ಹಿಡಕೊಂಡದ್ದು ಕರಗಿ ಹೋತು ಅಂತಲ್ಲ, ಸೀಸ ಮ್ಯಾಲಿನ ಮಣ್ಣಿನ್ಯಾಗ ನೂರಾರು ವರ್ಷ ಕುಂದರತೈತಿ, ಬ್ಯಾಸಗಿ ಗಾಳಿಗೆ ಧೂಳಾಗಿ ಮತ್ತ ಮೂಗಿಗೇ ಬರತೈತಿ. ನೀರು ನಿಂತ ಕೆಸರಿನ ಕತಿ ಬ್ಯಾರೆ, ಅಲ್ಲಿ ಪಾದರಸಾನ ಬ್ಯಾಕ್ಟೀರಿಯಾ ಮೀಥೈಲ್ ಪಾದರಸ ಮಾಡತಾವ, ಅದು ಮೀನಿನ ಮೈಯಾಗ ಸೇರೋದು, ಎಲ್ಲಾದಕ್ಕಿಂತ ಅಪಾಯದ್ದು ಅದ.

ಇನ್ನೊಂದು ಮಾತು. ಏಪ್ರಿಲ್, ಮೇದಾಗ ಎರಿ ಹೊಲದಾಗ ಕೈ ಇಳಿಯುವಷ್ಟು ಬಿರಕು ಬಿಡತಾವಲ್ರಿ, ಮ್ಯಾಲ ಬಿದ್ದ ಬೂದಿ-ಧೂಳು ಸೀದಾ ಅದರಾಗ ಉದರತೈತಿ, ಮಳಿ ಬಂದ್ರ ಬಿರಕು ಮುಚಗೊಂಡು ಬಿಡತೈತಿ. ಅಂದ್ರ ನೀರು ಕರಗಿಸಿ ಇಳಸದಿದ್ರೂ ಹೊಲಸು ಆಳಕ್ಕ ಹೋತು. ಹಂಗಾಗಿ ಬರೇ ಮ್ಯಾಲಿನ ಮಣ್ಣು ಕೆರದು ಟೆಸ್ಟಿಗೆ ಕೊಟ್ರ ಪೂರ್ತಿ ಲೆಕ್ಕ ಸಿಗಂಗಿಲ್ಲ. ಮತ್ತ 2015ರಾಗ ಸುರುವಾದ ಮಣ್ಣಿನ ಆರೋಗ್ಯ ಕಾರ್ಡಿನ್ಯಾಗ 12 ಅಂಶ ಇರತಾವ, ಸಾರಜನಕ, ರಂಜಕ, ಸತುವು ಎಲ್ಲಾ ಅದಾವ, ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ. ಚಿಮಣಿ ಹತ್ರ ಹೊಲ ಇದ್ದವರು ಭಾರಲೋಹದ ಟೆಸ್ಟು ಬ್ಯಾರೆನ ಕೇಳಿ ಮಾಡಸ್ರಿ, ಮಣ್ಣು ಎರಡು ಆಳದಿಂದ ತಗೀರಿ, ಮತ್ತ ಅಲ್ಲಿ ಬೆಳದ ಮೆಂತ್ಯ, ಪಾಲಕ ನಾಕು ನೀರಾಗ ತೊಳೀರಿ.