ನೆಲಕ್ಕೆ ಬಿಗಿದ ತಿಜೋರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೊಂದು ತಿಜೋರಿ ಕೊಳ್ಳಬೇಕೆಂದು ಸಲಹೆ ಕೇಳಲು ಬರುವವರು ಮೊದಲು ವಿಚಾರಿಸುವುದು ಬೀಗದ ಬಗ್ಗೆ. ಕೀಲಿಕೈಯದ್ದು ಒಳ್ಳೆಯದೋ, ಅಂಕಿ ಒತ್ತಿ ತೆರೆಯುವುದೋ, ಬೆರಳಚ್ಚಿನದೋ ಎಂಬ ಚರ್ಚೆ ಮನೆಮಂದಿಯ ನಡುವೆ ಆಗಲೇ ಸಾಕಷ್ಟು ನಡೆದಿರುತ್ತದೆ. ಅದನ್ನು ಯಾವುದಕ್ಕೆ ಬಿಗಿಯುತ್ತೀರಿ ಎಂದು ನಾನು ಮರಳಿ ಕೇಳಿದರೆ ಮಾತ್ರ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ಅಷ್ಟು ಭಾರದ ಪೆಟ್ಟಿಗೆಯನ್ನು ಯಾರು ತಾನೇ ಹೊತ್ತೊಯ್ಯುತ್ತಾರೆ ಎಂದು ಕೆಲವರು ನಕ್ಕೂಬಿಡುತ್ತಾರೆ. ಆದ್ದರಿಂದ ಇಂದು ನಾನು ಮುಖ್ಯವಾಗಿ ಒಂದೇ ವಿಷಯವನ್ನು ಹೇಳಲಿದ್ದೇನೆ, ಮತ್ತೆ ಮತ್ತೆ ಹೇಳಲಿದ್ದೇನೆ: ತಿಜೋರಿಯನ್ನು ಕಾಂಕ್ರೀಟ್ ನೆಲಕ್ಕೆ ಬೋಲ್ಟುಗಳಿಂದ ಬಿಗಿಯಿರಿ, ಬಿಗಿಯುವ ಮನಸ್ಸಿಲ್ಲದಿದ್ದರೆ ಕೊಳ್ಳಲೇಬೇಡಿ.

ಮನೆಬಳಕೆಗೆಂದು ಮಾರುವ ಚಿಕ್ಕ ತಿಜೋರಿಗಳನ್ನು ಒಬ್ಬನೇ ಎತ್ತಬಹುದು. ಅರವತ್ತು, ಎಪ್ಪತ್ತು ಕಿಲೋಗ್ರಾಂ ತೂಗುವುದನ್ನು ಇಬ್ಬರು ಸೇರಿ ಎತ್ತುತ್ತಾರೆ. ಅದಕ್ಕಿಂತ ಭಾರದ್ದನ್ನು ಒಂದು ಕಂಬಳಿಯ ಮೇಲೆ ಉರುಳಿಸಿ ಎಳೆದುಕೊಂಡು ಹೋಗುತ್ತಾರೆ. ಮನೆಯೊಳಗೆ ಕಳ್ಳನಿಗೆ ಇರುವುದು ಕೆಲವೇ ನಿಮಿಷಗಳು, ಅದರ ಜೊತೆಗೆ ಸದ್ದಾದೀತೆಂಬ ಭಯ. ಪೆಟ್ಟಿಗೆ ಒಮ್ಮೆ ಹೊಸ್ತಿಲು ದಾಟಿತೆಂದರೆ ಅವನಿಗೆ ಬೇಕಾದಷ್ಟು ಹೊತ್ತೂ ಸಿಗುತ್ತದೆ, ಬೇಕಾದ ಉಪಕರಣವೂ ಸಿಗುತ್ತದೆ. ಚಿನ್ನ, ನಗದು, ಪತ್ರಗಳನ್ನೆಲ್ಲ ಒಂದೇ ಕಡೆ ತುಂಬಿಸಿ, ಬಿಗಿಯದೆ ಇಡುವುದೆಂದರೆ ನಾವೇ ಅವನಿಗೆ ಬುತ್ತಿ ಕಟ್ಟಿಕೊಟ್ಟಂತೆ.

ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ನನ್ನನ್ನು ಕರೆಸಿದರು. ಅವರ ತಿಜೋರಿ ಕಳುವಾಗಿ, ನಾಲ್ಕಾರು ದಿನಗಳ ನಂತರ ಬೀಳುಬಿದ್ದ ಹೊಲವೊಂದರಲ್ಲಿ ಸಿಕ್ಕಿತ್ತು. ಬೀಗ ಎಲ್ಲಿ ಕೈಕೊಟ್ಟಿತೆಂದು ನಾನು ನೋಡಿ ಹೇಳಬೇಕಾಗಿತ್ತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಬೀಗದ ತಿಜೋರಿಯನ್ನೇ ತಂದಿದ್ದೆವು ಎಂದು ಮನೆಯ ಹಿರಿಯರು ನೋವಿನಿಂದ ಹೇಳುತ್ತಿದ್ದರು. ಮಣ್ಣು ಮೆತ್ತಿದ್ದ ಆ ಪೆಟ್ಟಿಗೆಯ ಮುಂದೆ ಕುಳಿತು, ಅವರಿಂದಲೇ ಸಂಖ್ಯೆ ಕೇಳಿ, ಗುಂಡಿಗಳನ್ನು ಒತ್ತಿದೆ. ಹಸಿರು ದೀಪ ಹೊತ್ತಿತು. ಹಿಡಿಕೆ ತಿರುಗಿಸಿದೊಡನೆ ಅಗುಳಿಗಳು ಸರಾಗವಾಗಿ ಹಿಂದೆ ಸರಿದು, ಬೆರಳ ಗಾತ್ರ ದಪ್ಪವಿದ್ದ ಆ ಬಾಗಿಲು ಹೊಸದರಂತೆಯೇ ತೆರೆದುಕೊಂಡಿತು. ಒಳಗಿನಿಂದ ಆಚೆಗಿನ ಅಂಗಳ ಕಾಣುತ್ತಿತ್ತು. ಹಿಂಬದಿಯ ತೆಳುವಾದ ತಗಡನ್ನು ಮೂರು ಬದಿ ಗ್ರೈಂಡರಿನಿಂದ ಕತ್ತರಿಸಿ ಮಡಚಿಬಿಟ್ಟಿದ್ದರು. ಬೀಗವನ್ನು ಕಳ್ಳರು ಮುಟ್ಟಿಯೇ ಇರಲಿಲ್ಲ.

ಪೆಟ್ಟಿಗೆಯನ್ನು ಮಗುಚಿ ತಳ ನೋಡಿದಾಗ ಅಸಲು ಸಂಗತಿ ತಿಳಿಯಿತು. ತಳದಲ್ಲಿ ಒಂದು ಪ್ಲೈವುಡ್ ತುಂಡು ಇನ್ನೂ ಅಂಟಿಕೊಂಡಿತ್ತು. ತಂದುಕೊಟ್ಟವರು ತಿಜೋರಿಯನ್ನು ಬಟ್ಟೆಯ ಕಪಾಟಿನ ಕೆಳಹಲಗೆಗೆ ಎರಡು ಸಣ್ಣ ತಿರುಪುಗಳಿಂದ ಹಿಡಿಸಿ, ಬಿಗಿದಿದ್ದೇವೆ ಎಂದು ಹೇಳಿ ಹೋಗಿದ್ದರು. ಆ ತಿರುಪುಗಳು ಕೊನೆಯವರೆಗೂ ಬಿಟ್ಟುಕೊಟ್ಟಿರಲಿಲ್ಲ, ಹಲಗೆಯೇ ಮುರಿದು ಅವುಗಳೊಂದಿಗೆ ಹೋಗಿತ್ತು. ತಯಾರಕರು ಕೊರೆದಿದ್ದ ನಾಲ್ಕು ರಂಧ್ರಗಳಲ್ಲಿ ಎರಡರ ರಬ್ಬರ್ ಮುಚ್ಚಳವನ್ನು ಯಾರೂ ತೆಗೆದೇ ಇರಲಿಲ್ಲ. ತಿಜೋರಿಯೊಂದಿಗೆ ಬಂದ ನಾಲ್ಕು ಉದ್ದನೆಯ ಬೋಲ್ಟುಗಳು ಎಲ್ಲಿ ಎಂದು ಕೇಳಿದೆ. ಮನೆಯ ಮಗ ಮೇಜಿನ ಡ್ರಾಯರ್ ತೆರೆದು, ಬಳಕೆಯ ಸೂಚನಾಪುಸ್ತಕದೊಡನೆ ಪ್ಲಾಸ್ಟಿಕ್ ಚೀಲದಲ್ಲೇ ಇದ್ದ ಅವುಗಳನ್ನು ತಂದು ನನ್ನ ಕೈಗಿತ್ತ. ಇಷ್ಟೆಲ್ಲ ನೋಡಿದ ಮೇಲೂ ಅವರು ಕೇಳಿದ ಮೊದಲ ಪ್ರಶ್ನೆ, ಮುಂದಿನ ಸಲ ಯಾವ ಬೀಗದ್ದು ಕೊಳ್ಳೋಣ ಎಂಬುದೇ ಆಗಿತ್ತು.

ಇದು ನನ್ನೊಬ್ಬನ ಹಟವಲ್ಲ. ಯುರೋಪಿನ ಇಎನ್ 1143-1 ಮಾನದಂಡದ ಪ್ರಕಾರ, 1000 ಕಿಲೋಗ್ರಾಂಗಿಂತ ಕಡಿಮೆ ತೂಕದ ತಿಜೋರಿಯಲ್ಲಿ ಬಿಗಿಯಲು ರಂಧ್ರ ಇರಲೇಬೇಕು. ಸುರಕ್ಷತಾ ಪರೀಕ್ಷೆ ನಡೆಸುವ ಅಮೆರಿಕದ ಯುಎಲ್ ಸಂಸ್ಥೆಯ ಟಿಎಲ್-15 ದರ್ಜೆಯ ತಿಜೋರಿ ಕನಿಷ್ಠ 340 ಕಿಲೋಗ್ರಾಂ ತೂಗಬೇಕು, ಇಲ್ಲವಾದರೆ ಬಿಗಿಯುವ ವ್ಯವಸ್ಥೆ ಹೊಂದಿರಬೇಕು. ಆ ಹೆಸರಿನಲ್ಲಿರುವ 15 ಎಂದರೆ ಪರೀಕ್ಷಕರು ಉಪಕರಣ ಹಿಡಿದು ಹದಿನೈದು ನಿಮಿಷ ಪ್ರಯತ್ನಿಸಿದರೂ ತೆರೆಯಲಾಗಲಿಲ್ಲ ಎಂದರ್ಥ, ಅದೂ ಬಾಗಿಲಿನ ಕಡೆಯಿಂದ ಮಾತ್ರ. ಹಿಂಬದಿಯನ್ನು ಕಾಯುವುದು ಗೋಡೆ. ತಿಜೋರಿ ಕದಲದೆ ಗೋಡೆಗೆ ಒತ್ತಿಕೊಂಡಿದ್ದರಷ್ಟೇ ಗೋಡೆ ಕಾಯುತ್ತದೆ.

ಹಾಗಾಗಿ ಅಂಗಡಿಯಲ್ಲಿ ಮೊದಲು ತಳದ ರಂಧ್ರಗಳನ್ನು ನೋಡಿ. ಅನಂತರ ಬಾಗಿಲಿನ ದಪ್ಪದೊಡನೆ ಬದಿಗಳ ದಪ್ಪವನ್ನೂ ಕೇಳಿ, ಬಾಗಿಲಿನ ಕೀಲು ಕತ್ತರಿಸಿದರೂ ಬಾಗಿಲು ಬೀಳದಂತೆ ಆ ಕಡೆಯೂ ಅಗುಳಿ ಇದೆಯೇ ಎಂದು ಪರೀಕ್ಷಿಸಿ. ನಿಮಗೆ ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಆರಿಸಿ.

ಬಿಗಿಯುವ ಕೆಲಸ ಕಷ್ಟದ್ದೇನಲ್ಲ, ಆದರೆ ಅವಸರ ಕೂಡದು. ಎರಡು ಗೋಡೆಗಳು ಕೂಡುವ ಮೂಲೆಯನ್ನು ಆರಿಸಿಕೊಳ್ಳಿ. ಬಾಗಿಲು ತೆರೆದುಕೊಳ್ಳುವ ಅಂಚು ಪಕ್ಕದ ಗೋಡೆಯ ಹತ್ತಿರವಿದ್ದರೆ ಅಲ್ಲಿ ಹಾರೆ ತೂರಿಸಿ ಮೀಟಲು ಜಾಗವೇ ಇರುವುದಿಲ್ಲ. ಡ್ರಿಲ್ ಹಿಡಿಯುವ ಮೊದಲು ಆ ನೆಲದೊಳಗೆ ನೀರಿನ ಕೊಳವೆ, ವಿದ್ಯುತ್ ತಂತಿ ಹಾದುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಹುಮಹಡಿ ಕಟ್ಟಡಗಳ ಕೆಲವು ಸ್ಲ್ಯಾಬುಗಳಲ್ಲಿ ಬಿಗಿಯಾಗಿ ಎಳೆದ ಉಕ್ಕಿನ ಕೇಬಲ್‌ಗಳಿರುತ್ತವೆ. ಅಂಥ ಕಡೆ ಕಟ್ಟಡದ ಎಂಜಿನಿಯರ್ ಅವರನ್ನು ಕೇಳದೆ ಕೊರೆಯಲೇಬಾರದು. ಟೈಲ್ಸ್ ಇದ್ದರೆ, ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ ಮೊದಲು ಟೈಲ್ ಅನ್ನಷ್ಟೇ ಕೊರೆದು, ಬೋಲ್ಟು ಅದರ ಕೆಳಗಿನ ಕಾಂಕ್ರೀಟನ್ನು ಹಿಡಿಯುವಷ್ಟು ಆಳಕ್ಕೆ ಹೋಗಬೇಕು. ರಂಧ್ರದೊಳಗಿನ ಪುಡಿಯನ್ನು ಬ್ರಷ್ ಹಾಕಿ, ಗಾಳಿ ಊದಿ ಪೂರ್ತಿ ಹೊರತೆಗೆಯಿರಿ, ಏಕೆಂದರೆ ಪುಡಿ ಉಳಿದ ರಂಧ್ರದಲ್ಲಿ ಆಂಕರ್ ಬೋಲ್ಟು ಹಿಡಿತ ಕೊಡುವುದಿಲ್ಲ. ನಾಲ್ಕು ರಂಧ್ರಗಳಿದ್ದರೆ ನಾಲ್ಕಕ್ಕೂ ಬೋಲ್ಟು ಹಾಕಿ. ಎರಡು ಸಾಕು ಎನ್ನುವ ಕೆಲಸಗಾರನ ಮಾತನ್ನು ದಯವಿಟ್ಟು ಒಪ್ಪಬೇಡಿ.

ಬೆಂಕಿಯ ವಿಷಯಕ್ಕೆ ಹೆಚ್ಚು ಸಮಯ ಉಳಿದಿಲ್ಲ. ಬೆಂಕಿಗೆಂದು ತಯಾರಾದ ತಿಜೋರಿ ಬೇರೆ, ಕಳ್ಳತನಕ್ಕೆಂದು ತಯಾರಾದದ್ದು ಬೇರೆ. ಎರಡಕ್ಕೂ ಪ್ರಮಾಣಪತ್ರವಿದೆಯೇ ಎಂದು ಪ್ರತ್ಯೇಕವಾಗಿ ಕೇಳಿ. ಕಾಗದಕ್ಕೆಂದು ಪರೀಕ್ಷಿಸಿದ ತಿಜೋರಿಯ ಒಳಗಿನ ಶಾಖ 177 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬ ನಿಯಮವಿದೆ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್‌ಗಳಿಗೆ ಅಷ್ಟೂ ಹೆಚ್ಚಾಯಿತು. ಅಂಥವುಗಳಿಗೆ 52 ಡಿಗ್ರಿಯ ದರ್ಜೆಯ ಪೆಟ್ಟಿಗೆಯೇ ಬೇಕು. ಬೆಂಕಿ ತಡೆಯುವ ತಿಜೋರಿಗೆ ನಾವೇ ಹೊಸ ರಂಧ್ರ ಕೊರೆದರೆ ಆ ರಕ್ಷಣೆ ಕೆಡುತ್ತದೆ. ಆದ್ದರಿಂದ ತಯಾರಕರೇ ಕೊರೆದ ರಂಧ್ರಗಳಿರುವುದನ್ನು ತನ್ನಿ, ಅವುಗಳ ಮೂಲಕವೇ ನೆಲಕ್ಕೆ ಬಿಗಿಯಿರಿ.

ಬೀಗದ ಬಗ್ಗೆ ಎರಡೇ ಮಾತು. ಕಾರ್ಖಾನೆಯಿಂದ ಬಂದ ಸಂಖ್ಯೆಯನ್ನು ಮೊದಲ ದಿನವೇ ಬದಲಿಸಿ, ಹುಟ್ಟಿದ ದಿನಾಂಕವನ್ನು ಇಡಬೇಡಿ. ಅಂಕಿಯ ಬೀಗ ಕೆಲಸ ಮಾಡದಿದ್ದಾಗ ಬಳಸಲು ಕೊಡುವ ತುರ್ತು ಕೀಲಿಕೈಯನ್ನು ತಿಜೋರಿಯೊಳಗೇ ಇಟ್ಟು ಬಾಗಿಲು ಮುಚ್ಚಿದ ಮನೆಗಳಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ; ಅದನ್ನು ಮನೆಯ ಹೊರಗೆ, ನಂಬಿಕೆಯ ಜಾಗದಲ್ಲಿಡಿ. ಹೊಸ ಸಂಖ್ಯೆ ಇಟ್ಟ ಮೇಲೆ, ಬಾಗಿಲು ತೆರೆದಿರುವಾಗಲೇ ಅಗುಳಿಗಳನ್ನು ಹೊರಚಾಚಿಸಿ, ಸಂಖ್ಯೆ ಒತ್ತಿ ಒಳಗೆಳೆದು, ಹೀಗೆ ನಾಲ್ಕೈದು ಸಲ ಪರೀಕ್ಷಿಸಿದ ನಂತರವೇ ಬಾಗಿಲು ಮುಚ್ಚಿ. ಅದಕ್ಕೂ ಮೊದಲು ತಿಜೋರಿಯ ಮೇಲಂಚನ್ನು ಎರಡೂ ಕೈಯಿಂದ ಹಿಡಿದು ಬಲವಾಗಿ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಬಿಗಿದವರನ್ನು ಮನೆಯಿಂದ ಕಳುಹಿಸಬೇಡಿ.

ನಮಸ್ಕಾರ.